ಗರ್ಭಿಣಿಯ ಮದ್ಯಪಾನ ಮತ್ತು ಕಬ್ಬಿಣಾಂಶ: ಒಂದು ವೈದ್ಯಕೀಯ ವಿಚಾರದ ಇತಿಹಾಸ

ತಾಯಿ ಸೇವಿಸಿದ ಮದ್ಯವು ಗರ್ಭಸ್ಥ ಶಿಶುವನ್ನು ಬಾಧಿಸುತ್ತದೆಂಬ ಸಂಶಯ ಹಳೆಯದು. ಅದಕ್ಕೆ ವೈದ್ಯಕೀಯ ಮನ್ನಣೆ ದೊರೆತದ್ದು ಬಹಳ ತಡವಾಗಿ. 1899ರಲ್ಲಿ ಲಿವರ್‌ಪೂಲ್ ಸೆರೆಮನೆಯ ವೈದ್ಯ ವಿಲಿಯಂ ಸಲಿವನ್, ಮದ್ಯವ್ಯಸನಿಗಳಾದ 120 ಸ್ತ್ರೀಯರ 600 ಮಕ್ಕಳ ವಿವರಗಳನ್ನು ಕಲೆಹಾಕಿದನು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸತ್ತೇ ಹುಟ್ಟಿದ್ದರು, ಇಲ್ಲವೆ ಎಳವೆಯಲ್ಲೇ ತೀರಿಕೊಂಡಿದ್ದರು. ಆದರೆ ಈ ಎಚ್ಚರಿಕೆ ಮರೆವಿಗೆ ಸಂದಿತು. 1968ರಲ್ಲಿ ಫ್ರಾನ್ಸಿನ ನಾಂತ್ ನಗರದ ಪಾಲ್ ಲೆಮ್ವಾನ್ ಇಂತಹ 127 ಮಕ್ಕಳ ಲಕ್ಷಣಗಳನ್ನು ವರ್ಣಿಸಿದರೂ ಅದು ಹೆಚ್ಚಿನ ಗಮನ ಸೆಳೆಯಲಿಲ್ಲ. 1973ರಲ್ಲಿ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ‘ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್’ ಎಂದು ಹೆಸರಿಟ್ಟ ಬಳಿಕವೇ ಈ ವಿಷಯ ಜಗತ್ತಿನ ಚರ್ಚೆಗೆ ಬಂದಿತು.

ಹೆಸರು ದೊರೆತರೂ ಒಂದು ಪ್ರಶ್ನೆ ಉಳಿಯಿತು. ಒಂದೇ ಪ್ರಮಾಣದಲ್ಲಿ ಕುಡಿದ ತಾಯಂದಿರ ಮಕ್ಕಳಲ್ಲಿ ಹಾನಿ ಒಂದೇ ತೆರನಾಗಿರದಿರಲು ಕಾರಣವೇನು? ಈ ದೃಷ್ಟಿಯಿಂದ ದಕ್ಷಿಣ ಆಫ್ರಿಕದ ಪಶ್ಚಿಮ ಕೇಪ್ ಪ್ರಾಂತ್ಯದ ಚರಿತ್ರೆ ಗಮನಾರ್ಹ. ಅಲ್ಲಿನ ದ್ರಾಕ್ಷಿ ತೋಟಗಳಲ್ಲಿ ಕೂಲಿಯ ಒಂದಂಶವನ್ನು ಮದ್ಯದ ರೂಪದಲ್ಲಿ ಕೊಡುವ ‘ಡಾಪ್’ ಪದ್ಧತಿ ದೀರ್ಘಕಾಲ ನಡೆಯಿತು. ನಿಷೇಧದ ಬಳಿಕವೂ ಕೆಲವೆಡೆ ಮುಂದುವರಿಯಿತು. ಕೂಲಿಯೊಡನೆ ಬಂದ ಮದ್ಯ ಮತ್ತು ಕೂಲಿ ಸಾಲದೆ ಬಂದ ಅರೆಹೊಟ್ಟೆ ಎರಡೂ ಒಂದೇ ಒಡಲನ್ನು ಸೇರಿದವು. 2007ರಲ್ಲಿ ಪ್ರಕಟವಾದ ಕೇಪ್‌ಟೌನ್ ಶಿಶುಗಳ ಅಧ್ಯಯನವು, ಮದ್ಯದಿಂದ ಬೆಳವಣಿಗೆ ಕುಂಠಿತವಾಗುವುದು ಮುಖ್ಯವಾಗಿ ಕಬ್ಬಿಣದ ಕೊರತೆಯ ರಕ್ತಹೀನತೆಯುಳ್ಳ ಶಿಶುಗಳಲ್ಲಿ ಎಂಬುದನ್ನು ತೋರಿಸಿತು.

ಪ್ರಯೋಗಶಾಲೆಯೂ ಇದನ್ನು ಪುಷ್ಟೀಕರಿಸಿತು. ಅಮೆರಿಕದ ಸೂಸನ್ ಸ್ಮಿತ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಇಲಿಗಳ ಅಧ್ಯಯನದಲ್ಲಿ, ತಾಯಿಯ ಕಬ್ಬಿಣಾಂಶ ಕಡಿಮೆಯಿದ್ದಾಗ ಮದ್ಯಕ್ಕೊಳಗಾದ ಮರಿಗಳ ಕಲಿಕೆ ಹಾಗೂ ಕಿರುಮಿದುಳು ಹೆಚ್ಚು ಹಾನಿಗೊಂಡವು. ಆದರೆ ಅದೇ ತಂಡದ 2016ರ ಅಧ್ಯಯನ ಇನ್ನೊಂದು ಸಂಗತಿಯನ್ನು ಹೊರಗೆಡಹಿತು. ಮದ್ಯದ ಪ್ರಭಾವದಿಂದ ಭ್ರೂಣದ ಯಕೃತ್ತಿನಲ್ಲಿ ಕಬ್ಬಿಣವನ್ನು ತಡೆಹಿಡಿಯುವ ಹೆಪ್ಸಿಡಿನ್ ಎಂಬ ಹಾರ್ಮೋನು ಹೆಚ್ಚುತ್ತದೆ. ಕಬ್ಬಿಣ ಯಕೃತ್ತಿನಲ್ಲೇ ಸಂಗ್ರಹಗೊಂಡು, ರಕ್ತ ಮತ್ತು ಮಿದುಳಿಗೆ ಅದರ ಅಭಾವ ಉಂಟಾಗುತ್ತದೆ. ಅಂದರೆ ಮದ್ಯವು ಕಬ್ಬಿಣದ ಕೊರತೆಯ ಜೊತೆಗೂಡುವುದಷ್ಟೇ ಅಲ್ಲ, ಆ ಕೊರತೆಯನ್ನು ತಾನೇ ಸೃಷ್ಟಿಸುತ್ತದೆ.

ಆದ್ದರಿಂದ ಕಬ್ಬಿಣದ ಮಾತ್ರೆ ಮದ್ಯಕ್ಕೆ ಪ್ರತಿವಿಷವೆಂದು ಭಾವಿಸಲಾಗದು; ಗರ್ಭಿಣಿಗೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ತಿಳಿದಿಲ್ಲ. ಹಾಗೆಂದು ದೋಷವನ್ನೆಲ್ಲ ತಾಯಿಯ ನಡತೆಯ ಮೇಲೆ ಹೊರಿಸುವುದೂ ನ್ಯಾಯವಲ್ಲ. ಅವಳ ಕೈಗೆ ಮದ್ಯವಿತ್ತವರು ಯಾರು, ಅವಳ ತಟ್ಟೆಯಲ್ಲಿ ಏನಿತ್ತು ಎಂಬ ಪ್ರಶ್ನೆಗಳೂ ಈ ರೋಗದ ಚರಿತ್ರೆಗೆ ಸೇರಿದವು.