ಜಾವಾದ ಮಸಿ, ಬಚ್ಚಲೊಲೆಯ ಕೆಂಡ



ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯ ಅಡಿಕೆ ತೋಟದ ಮನೆಗಳ ಅಂಗಳದಲ್ಲಿ ಜಾವಾ ಅಥವಾ ಯೆಜ್ಡಿ ಬೈಕು ನಿಂತಿರುತ್ತಿದ್ದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಜಾವಾ ಮೂಲತಃ ಜೆಕೊಸ್ಲೊವಾಕಿಯದ್ದು. ಅಲ್ಲಿ ಅದು ಹುಟ್ಟಿದ್ದು 1929ರಲ್ಲಿ. ಫಾರೂಕ್ ಇರಾನಿ ಮತ್ತು ರುಸ್ತುಂ ಇರಾನಿಯವರು ಜಯಚಾಮರಾಜ ಒಡೆಯರ ಬೆಂಬಲದಿಂದ ಮೈಸೂರಿನಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದ ಆರಂಭದಲ್ಲಿ ಅದು ನಮ್ಮ ನಾಡಿನ ರಸ್ತೆಗಿಳಿಯಿತು. ಮುಂದೆ 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಪಡೆಯಿತು.

ಅದರ 250 ಸಿಸಿ ಎಂಜಿನ್ನಿಗೆ ಸಿಲಿಂಡರು ಒಂದೇ, ಸೈಲೆನ್ಸರು ಮಾತ್ರ ಎರಡು. ಟೂ-ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕಾಗಿತ್ತು. ಲೀಟರಿಗೆ ಸುಮಾರು 40ರಿಂದ 50 ಮಿಲಿಲೀಟರ್. ಪೂರ್ತಿ ಉರಿಯದ ಎಣ್ಣೆ ಸೈಲೆನ್ಸರಿನೊಳಗೆ ಕಪ್ಪು ಕಿಟ್ಟವಾಗಿ ಕಟ್ಟಿಕೊಳ್ಳುತ್ತಿತ್ತು. ನಿಧಾನದ ಓಟ, ಹತ್ತಿರದ ಪಯಣ, ಎಂಜಿನ್ನು ಚೆನ್ನಾಗಿ ಕಾಯುವ ಮೊದಲೇ ನಿಲ್ಲಿಸುವುದು, ಇವೆಲ್ಲ ಆ ಕಿಟ್ಟವನ್ನು ಹೆಚ್ಚಿಸುತ್ತಿದ್ದವು. ಮಳೆಗಾಲದ ಮಲೆನಾಡಿನ ಕೆಸರು ದಾರಿಗಳಲ್ಲಿ ಬೇರೆ ಬಗೆಯ ಓಟವಾದರೂ ಎಲ್ಲಿತ್ತು? ಹೊಗೆಗೆ ದಾರಿ ಕಟ್ಟಿದರೆ ಬೈಕು ಏರಿನಲ್ಲಿ ಉಸಿರುಗಟ್ಟಿದಂತೆ ಏದುತ್ತಿತ್ತು.

ಮದ್ದು ಸರಳ. ಹಿಂಬದಿಯ ನಟ್ಟು ಬಿಚ್ಚಿದರೆ ಒಳಗಿನ ತೂತುಗಳುಳ್ಳ ಕೊಳವೆ, ಅಂದರೆ ಬ್ಯಾಫಲ್, ಹೊರಬರುತ್ತಿತ್ತು. ಅದನ್ನು ಬಚ್ಚಲೊಲೆಯ ಕೆಂಡದಲ್ಲಿಟ್ಟು ಕಿಟ್ಟವನ್ನು ಸುಟ್ಟು, ಆರಿದ ಮೇಲೆ ತಟ್ಟಿ, ತಂತಿಯ ಬ್ರಷ್ಷಿನಿಂದ ಉಜ್ಜುತ್ತಿದ್ದುದನ್ನು ನಾನು ಕಂಡಿದ್ದೇನೆ. ಕೆಲವರು ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಸಿಡುತ್ತಿದ್ದರು. ಹೊರಗಿನ ಹೊಳಪಿನ ಕವಚವನ್ನು ಮಾತ್ರ ಬೆಂಕಿಗೆ ಒಡ್ಡುತ್ತಿರಲಿಲ್ಲ; ಕ್ರೋಮ್ ನೀಲಿಗಟ್ಟಿ ಕೆಡುವುದೆಂಬುದು ತಿಳಿದಿತ್ತು.

ಬ್ಯಾಫಲನ್ನು ಮತ್ತೆ ಜೋಡಿಸದೆ, ಸದ್ದು ಹೆಚ್ಚಿದರೆ ಶಕ್ತಿಯೂ ಹೆಚ್ಚುವುದೆಂದು ನಂಬಿದವರೂ ಇದ್ದರು. ಭೌತಶಾಸ್ತ್ರ ಹೇಳುವುದೇ ಬೇರೆ. ಟೂ-ಸ್ಟ್ರೋಕಿನಲ್ಲಿ ಹಳೆಯ ಹೊಗೆ ಹೊರಡುವಾಗಲೇ ಹೊಸ ಮಿಶ್ರಣವೂ ಒಳಗೆ ಬರುತ್ತದೆ. ಸೈಲೆನ್ಸರಿನಿಂದ ಹಿಂದಿರುಗುವ ಒತ್ತಡದ ಅಲೆ, ಹೊಗೆಯ ಬೆನ್ನು ಹತ್ತಿ ಹೊರಟ ಹೊಸ ಮಿಶ್ರಣವನ್ನು ಒಳಕ್ಕೆ ತಳ್ಳುತ್ತದೆ. ಆ ರಚನೆಯನ್ನು ಕೆಡಿಸಿದರೆ ಪೆಟ್ರೋಲು ಉರಿಯದೆಯೇ ಹೊರಬೀಳುತ್ತದೆ. ಸೈಲೆನ್ಸರು ಸದ್ದಡಗಿಸುವ ಡಬ್ಬಿಯಷ್ಟೇ ಅಲ್ಲ, ಎಂಜಿನ್ನಿನದೇ ಒಂದು ಅಂಗ.

ಆ ಎಂಜಿನ್ನಿನ ಹೊಗೆ ಊರಿಗೆ ಒಳ್ಳೆಯದಾಗಿರಲಿಲ್ಲವೆಂಬುದೂ ನಿಜವೇ. 1991ರಿಂದ ಹೊಗೆಯ ನಿಯಮಗಳು ಹಂತಹಂತವಾಗಿ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮರಳಿ ಬಂದಾಗ ಅವು ಹೊತ್ತಿದ್ದುದು ಫೋರ್-ಸ್ಟ್ರೋಕ್ ಎಂಜಿನ್ನುಗಳನ್ನು. ಅವುಗಳಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುವಂತಿಲ್ಲ, ಬಚ್ಚಲೊಲೆಗೂ ಕೆಲಸವಿಲ್ಲ.

ಆ ಹೊಗೆಗಾಗಿ ನಾವು ಮರುಗಬೇಕಾಗಿಲ್ಲ. ಆದರೆ ವಾಹನದ ಒಡೆಯನೇ ಅದರ ಒಳಗನ್ನು ಬಿಚ್ಚಿ ನೋಡಿ, ಯಾವುದು ಏಕಿದೆಯೆಂದು ತಿಳಿದಿದ್ದ ಆ ತಿಳಿವಳಿಕೆ ಉಳಿಯಬೇಕಾದದ್ದು. ಇಂದು ಸೈಲೆನ್ಸರನ್ನು ಬದಲಿಸಿ ಪೇಟೆಯ ಬೀದಿಗಳಲ್ಲಿ ಅಬ್ಬರಿಸುವ ತರುಣರಿಗೆ 1988ರ ಮೋಟಾರು ವಾಹನ ಕಾಯಿದೆಯಲ್ಲಿ ದಂಡವಿದೆ. ದಂಡಕ್ಕಿಂತ ಮೊದಲು ಅವರಿಗೆ ತಿಳಿವಳಿಕೆ ತಲುಪಲಿ. ನಿಮ್ಮ ಮನೆಯ ಮಕ್ಕಳಿಗೆ ಇದನ್ನು ಒಮ್ಮೆ ಓದಿ ಹೇಳಿರಿ.