ಬೈಲಕುಪ್ಪೆಗೆ ಹದ್ದು ಬರಲಿಲ್ಲ

‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಕಾರ್ಟೂನ್ ನೋಡಿದವರಿಗೆ ಅದರ ಮೂರನೇ ಎಪಿಸೋಡ್ ಮರೆತಿರಲಿಕ್ಕಿಲ್ಲ. ನೂರು ವರ್ಷ ಮಂಜುಗಡ್ಡೆಯೊಳಗೆ ಮಲಗಿದ್ದ ಆಂಗ್ ಅನ್ನೋ ಹುಡುಗ ತಾನು ಬೆಳೆದ ಮಠಕ್ಕೆ ವಾಪಸ್ ಬರ್ತಾನೆ. ಅಲ್ಲಿ ಅವನ ಗುರು ಗ್ಯಾತ್ಸೋನ ಅಸ್ಥಿಪಂಜರ ಕೂತಲ್ಲೇ ಕೂತಿದೆ, ಸುತ್ತ ದಂಡೆತ್ತಿ ಬಂದ ಸೈನಿಕರ ಎಲುಬು ಬಿದ್ದಿವೆ. 2005ರಲ್ಲಿ ಶುರುವಾದ ಈ ಸೀರಿಯಲ್ಲಿನ ಗಾಳಿ ಸನ್ಯಾಸಿಗಳು ಟಿಬೆಟ್ಟಿನ ಲಾಮಾಗಳ ನೆರಳು ಅಂತ ಯಾರಾದ್ರೂ ಹೇಳಬಹುದು. ಗ್ಯಾತ್ಸೋ ಅನ್ನೋ ಹೆಸರೇ ದಲಾಯಿ ಲಾಮಾರ ಹೆಸರಿನ ಅರ್ಧ ಭಾಗ. ಮುಂದಿನ ಸೀರಿಯಲ್ಲಿಗೆ ಬಂದ್ರೆ ಆಂಗ್‌ನ ಮಗನ ಹೆಸರು ತೆನ್ಜಿನ್, ಅಂದ್ರೆ ಉಳಿದರ್ಧ.

ಆದ್ರೆ ಈ ಗಾಳಿ ಜನಾಂಗದವರು ತಮ್ಮ ಸತ್ತವರನ್ನು ಏನ್ ಮಾಡ್ತಿದ್ರು? ಕಾರ್ಟೂನ್ ಹೇಳಲ್ಲ. ಹೇಳದೇ ಬಿಟ್ಟ ಜಾಗ ಕಂಡರೆ ಅಭಿಮಾನಿಗಳಿಗೆ ಕೈ ತುರಿಸುತ್ತೆ. ಫ್ಯಾನ್ ಫಿಕ್ಷನ್ ಬರೆಯೋರು ಆ ಖಾಲಿ ಜಾಗಕ್ಕೆ ಟಿಬೆಟ್ಟಿನ ‘ಆಕಾಶ ಸಂಸ್ಕಾರ’ವನ್ನು ತಂದು ಕೂರಿಸಿದ್ರು. ಹೆಣ ಬೆಟ್ಟದ ಮೇಲೆ, ಹದ್ದು ಆಕಾಶದಲ್ಲಿ, ಗಾಳಿಯಿಂದ ಬಂದವನು ಗಾಳಿಗೇ ಹೋದ. ಓದೋಕೆ ಚೆನ್ನಾಗಿರುತ್ತೆ, ಸುಳ್ಳು ಹೇಳಲ್ಲ.

ಬೇರೆಯವರ ಪಾತ್ರ ತಗೊಂಡು ನಮ್ಮ ಕಥೆ ಬರೆಯೋದು ಕೀಳು ಕೆಲಸ ಅನ್ನೋರಿಗೆ ಒಂದು ಮಾತು. ನಮ್ಮ ಆದಿಕವಿ ಕ್ರಿ.ಶ. 941ರ ಹೊತ್ತಿಗೆ ಮಾಡಿದ್ದು ಇದನ್ನೇ. ಪಂಪ ವ್ಯಾಸರ ಅರ್ಜುನನನ್ನು ತಗೊಂಡು ತನ್ನ ರಾಜ ಅರಿಕೇಸರಿಯ ಜೊತೆ ಮರ್ಜ್ ಮಾಡಿದ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲೋದು ಲಕ್ಷ್ಮಣ. ಇನ್ನು 1209ರಲ್ಲಿ ಜನ್ನ ಹೇಳಿದ ಯಶೋಧರನ ಕಥೆಯಲ್ಲಿ, ಹಿಟ್ಟಿನ ಕೋಳಿ ಕೊಯ್ದ ತಪ್ಪಿಗೆ ತಾಯಿ ಮಗ ಜನ್ಮದಿಂದ ಜನ್ಮಕ್ಕೆ ಪ್ರಾಣಿಗಳಾಗಿ ಅಲೀತಾರೆ. ಸಾವಾದ ಮೇಲಿನ ದಾರಿ ನಮ್ಮ ಕಥೆಗಾರರಿಗೆ ಹೊಸದೇನಲ್ಲ. ಹಾಗಾಗಿ ಎರವಲು ತಂದದ್ದರ ಬಗ್ಗೆ ನನ್ನ ತಕರಾರಿಲ್ಲ. ತರುವಾಗ ಏನು ಬಿಟ್ಟು ಬಂದ್ರು ಅನ್ನೋದರ ಬಗ್ಗೆ ಇದೆ.

ಮೊದಲು ಆ ಪದ್ಧತಿ ಏನು ಅಂತ ನೋಡೋಣ. ಟಿಬೆಟನ್ನರು ಅದನ್ನು ಕರೆಯೋದು ‘ಝಾತೋರ್’ ಅಂತ, ಅಂದ್ರೆ ಹಕ್ಕಿಗಳಿಗೆ ಭಿಕ್ಷೆ. ‘ಆಕಾಶ’ ಹೊರಗಿನವರು ಸೇರಿಸಿದ್ದು. ಅಲ್ಲಿನ ನೆಲ ವರ್ಷದ ಬಹುಭಾಗ ಕಲ್ಲಿನಂತೆ ಹೆಪ್ಪುಗಟ್ಟಿರುತ್ತೆ, ತೋಡೋಕಾಗಲ್ಲ. ಮರ ಬೆಳೆಯದಷ್ಟು ಎತ್ತರ, ಸುಡೋಕೆ ಕಟ್ಟಿಗೆ ಇಲ್ಲ. ಇರೋದು ರಣಹದ್ದು. ಬದುಕಿದ್ದಾಗ ಎಷ್ಟೋ ಜೀವ ತಿಂದ ದೇಹ ಕೊನೆಗೆ ಇನ್ನೊಂದು ಜೀವದ ಹಸಿವಿಗೆ ಆಗಲಿ ಅನ್ನೋ ದಾನದ ಭಾವ ಇದರ ಮೇಲೆ ಬಂದು ಕೂತಿದೆ. ಭೂಗೋಳ ಮೊದಲೋ ಧರ್ಮ ಮೊದಲೋ ಅಂತ ವಾದ ಮಾಡಬಹುದು, ನನಗಂತೂ ಎರಡೂ ಒಟ್ಟಿಗೇ ಕಾಣುತ್ತೆ.

ಸತ್ತವರ ಹತ್ತಿರ ಕೂತು ಲಾಮಾ ಒಂದು ಗ್ರಂಥ ಓದ್ತಾರೆ, ‘ಬಾರ್ದೋ ಥೋಡೋಲ್’. ಒಂದು ಜನ್ಮ ಮುಗಿದು ಇನ್ನೊಂದು ಶುರುವಾಗೋ ಮಧ್ಯದ ಸ್ಥಿತಿ ಬಾರ್ದೋ, ಅದು ಹೆಚ್ಚೆಂದ್ರೆ 49 ದಿನ. ಬೆಳಕು ಕಾಣುತ್ತೆ, ಭಯಂಕರ ದೇವತೆಗಳು ಕಾಣ್ತಾರೆ, ಹೆದರಬೇಡ, ಎಲ್ಲ ನಿನ್ನ ಮನಸ್ಸಿನದೇ ಅಂತ ಸತ್ತವನಿಗೆ ದಾರಿ ಹೇಳೋ ಪುಸ್ತಕ. ಬೆಳಗಿನ ಜಾವ ಹೆಣವನ್ನು ಮಡಚಿ ಬಿಳಿ ಬಟ್ಟೆಯಲ್ಲಿ ಸುತ್ತಿ ಬೆಟ್ಟಕ್ಕೆ ಒಯ್ತಾರೆ, ಜುನಿಪರ್ ಹೊಗೆ ಹಾಕ್ತಾರೆ, ಹದ್ದುಗಳು ಇಳೀತವೆ. ಮಾಂಸ ಮುಗಿದ ಮೇಲೆ ಎಲುಬು ಕುಟ್ಟಿ ಬಾರ್ಲಿ ಹಿಟ್ಟು ಬೆರೆಸಿ ಅದನ್ನೂ ಕೊಡ್ತಾರೆ. ಎಲ್ಲರಿಗೂ ಇದೇ ಅಲ್ಲ. ದೊಡ್ಡ ಲಾಮಾಗಳನ್ನು ಸುಡ್ತಾರೆ ಅಥವಾ ಸ್ತೂಪದೊಳಗೆ ಇಡ್ತಾರೆ, ಎಳೆ ಮಕ್ಕಳನ್ನು ನದಿಗೆ ಬಿಡೋದೂ ಇತ್ತು, ಕೆಲವು ರೋಗದಿಂದ ಸತ್ತವರನ್ನು ಹೂಳ್ತಿದ್ರು.

ಈ ಗ್ರಂಥದ ಮೇಲೆ ಫ್ಯಾನ್ ಫಿಕ್ಷನ್ ಶುರುವಾಗಿದ್ದು ಇಂಟರ್ನೆಟ್ ಬರೋದಕ್ಕೆ ಬಹಳ ಹಿಂದೆ. 1927ರಲ್ಲಿ ಇವಾನ್ಸ್-ವೆಂಟ್ಸ್ ಅನ್ನೋ ಅಮೆರಿಕನ್ ಇದನ್ನು ಇಂಗ್ಲಿಷಿನಲ್ಲಿ ‘ಟಿಬೆಟನ್ ಬುಕ್ ಆಫ್ ದಿ ಡೆಡ್’ ಅಂತ ಪ್ರಕಟಿಸಿದ. ಆ ಮಹಾಶಯನಿಗೆ ಟಿಬೆಟನ್ ಭಾಷೆ ಬರ್ತಿರಲಿಲ್ಲ. ಅನುವಾದ ಮಾಡಿದ್ದು ಗ್ಯಾಂಗ್‌ಟಾಕಿನ ಶಾಲೆಯ ಹೆಡ್‌ಮಾಸ್ತರು ಕಾಜಿ ದಾವಾ ಸಮ್‌ದುಪ್. ಪುಸ್ತಕ ಬರೋ ಐದು ವರ್ಷ ಮೊದಲೇ ಅವರು ತೀರಿಕೊಂಡಿದ್ರು. ಹೆಸರು ಇಟ್ಟಿದ್ದು ಈಜಿಪ್ಟಿನ ಪುಸ್ತಕದ ಹೆಸರು ನೋಡಿ. 1964ರಲ್ಲಿ ಟಿಮೊಥಿ ಲಿಯರಿ ಮತ್ತವನ ಗೆಳೆಯರು ಅದನ್ನೇ ಎಲ್‌ಎಸ್‌ಡಿ ತಗೊಳ್ಳೋರಿಗೆ ಕೈಪಿಡಿ ಮಾಡಿದ್ರು. ಆ ಕೈಪಿಡಿ ಓದಿ ಜಾನ್ ಲೆನನ್ ಹಾಡು ಕಟ್ಟಿದ, 1966ರ ಬೀಟಲ್ಸ್ ಆಲ್ಬಮ್ಮಿನ ಕೊನೇ ಹಾಡಾಯ್ತು. ಗ್ಯಾಂಗ್‌ಟಾಕಿನ ಮೇಷ್ಟ್ರ ಅನುವಾದ ಲಂಡನ್ನಿನ ಸ್ಟುಡಿಯೋ ತಲುಪೋಕೆ ನಲವತ್ತು ವರ್ಷ ಸಾಕಾಯ್ತು.

ಎಲ್ಲಕ್ಕಿಂತ ಮಜಾ ಅನ್ನಿಸೋದು ಲೋಬ್ಸಾಂಗ್ ರಾಂಪಾ. 1956ರಲ್ಲಿ ‘ದಿ ಥರ್ಡ್ ಐ’ ಅಂತ ಪುಸ್ತಕ ಬಂತು, ಟಿಬೆಟ್ಟಿನ ಲಾಮಾ ಒಬ್ಬನ ಆತ್ಮಕಥೆ. ಹಣೆಗೆ ತೂತು ಕೊರೆದು ಮೂರನೇ ಕಣ್ಣು ತೆರೆದದ್ದು, ಹೆಣ ಕೊಯ್ಯೋರ ಹತ್ತಿರ ದೇಹರಚನೆ ಕಲಿತದ್ದು ಎಲ್ಲಾ ಇದೆ. ಬಿಸಿ ಬಿಸಿಯಾಗಿ ಮಾರಾಟವಾಯ್ತು. ಟಿಬೆಟ್ ಬಲ್ಲವರಿಗೆ ಅನುಮಾನ ಬಂದು ಒಬ್ಬ ಪತ್ತೇದಾರನನ್ನು ಬಿಟ್ರು. 1958ರಲ್ಲಿ ಹೊರಬಿದ್ದ ಸಂಗತಿ ಏನಂದ್ರೆ, ಲಾಮಾ ಅಂದ್ರೆ ಇಂಗ್ಲೆಂಡಿನ ಡೆವನ್ ಕಡೆಯ ಪ್ಲಂಬರ್ ಒಬ್ಬನ ಮಗ ಸಿರಿಲ್ ಹಾಸ್ಕಿನ್. ಟಿಬೆಟ್ ಮುಖ ನೋಡಿದವನಲ್ಲ. ಸಿಕ್ಕಿಬಿದ್ದ ಮೇಲೂ ಅವನು, ಲಾಮಾನ ಆತ್ಮ ನನ್ನ ಮೈಯಲ್ಲಿ ಬಂದು ಸೇರ್ಕೊಂಡಿದೆ ಅಂದ! ಮತ್ತೆ ಪುಸ್ತಕದ ಮೇಲೆ ಪುಸ್ತಕ ಬರೆದ. ಫ್ಯಾನ್ ಫಿಕ್ಷನ್ ಅಂತ ಹಣೆಪಟ್ಟಿ ಹಚ್ಚಿಕೊಂಡು ಬರೆಯೋ ಹುಡುಗ ಹುಡುಗಿಯರು ಇವನಿಗಿಂತ ಎಷ್ಟೋ ಪ್ರಾಮಾಣಿಕರು.

ರಾಂಪಾ ಹಣ ಎಣಿಸುತ್ತಿದ್ದ ಆ ವರ್ಷಗಳಲ್ಲೇ ನಿಜವಾದ ಟಿಬೆಟನ್ನರು ಗಡಿ ದಾಟುತ್ತಿದ್ರು. 1959ರಲ್ಲಿ ದಲಾಯಿ ಲಾಮಾ ಬಂದ್ರು. ಭಿಕ್ಷುಗಳಲ್ಲಿ ಸುಮಾರು 1,500 ಜನರನ್ನು ಬಂಗಾಳದ ಬಕ್ಸಾದಲ್ಲಿಟ್ರು, ಬ್ರಿಟಿಷರು ಕೈದಿಗಳನ್ನು ಇಡ್ತಿದ್ದ ಜಾಗ. ಸೆಕೆ, ಟಿಬಿ. ಅಲ್ಲೇ ಎಷ್ಟೋ ಜನ ಸತ್ತರು. ನೆಹರೂ ರಾಜ್ಯಗಳಿಗೆ ಪತ್ರ ಬರೆದು ಜಾಗ ಕೇಳಿದಾಗ ಮುಂದೆ ಬಂದದ್ದು ನಮ್ಮ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಸಿಕ್ತು. 1960-61ರಲ್ಲಿ ಬಂದವರು ಬಿದಿರಿನ ಗುಡಿಸಲಲ್ಲಿ ಇದ್ದು ಕಾಡು ಕಡಿದ್ರು, ಆನೆ ಓಡಿಸಿದ್ರು, ಬಿಸಿಲಿಗೆ ಜ್ವರಕ್ಕೆ ಸತ್ತರು. 1966ರಲ್ಲಿ ಮುಂಡಗೋಡ, ಆಮೇಲೆ ಹುಣಸೂರು, ಕೊಳ್ಳೇಗಾಲ.

ಸತ್ತವರನ್ನು ಏನ್ ಮಾಡಿದ್ರು? ಇಲ್ಲಿ ನೆಲ ಮೆತ್ತಗಿದೆ. ಕಟ್ಟಿಗೆ ಬೇಕಾದಷ್ಟಿದೆ. ಬೆಟ್ಟದ ಮೇಲೆ ಕಾದು ಕೂತ ಹಿಮಾಲಯದ ಹದ್ದು ಇಲ್ಲ, ಆ ಕೆಲಸ ಬಲ್ಲವರೂ ಇಲ್ಲ, ಅದನ್ನು ನೋಡಿ ಸುಮ್ಮನಿರೋ ಅಕ್ಕಪಕ್ಕದ ಊರೂ ಇಲ್ಲ. ಹಾಗಾಗಿ ಸುಟ್ಟರು. ಅಲ್ಲಿ ದೊಡ್ಡ ಲಾಮಾಗಳಿಗೆ ಸಿಗ್ತಿದ್ದ ಬೆಂಕಿ ಇಲ್ಲಿ ರೈತನಿಗೂ ಸಿಕ್ತು. ಮುಂದೆ ನಮ್ಮ ಹದ್ದುಗಳೂ ಹೋದವು. ದನಕ್ಕೆ ಕೊಡೋ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಸತ್ತ ದನದ ಮಾಂಸದಿಂದ ಹದ್ದಿನ ಮೂತ್ರಪಿಂಡಕ್ಕೆ ಹೋಗಿ, 1990ರ ದಶಕದಿಂದೀಚೆಗೆ ನಮ್ಮ ದೇಶದ ಮುಖ್ಯ ಜಾತಿಯ ಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಾಶವಾದವು. 2006ರಲ್ಲಿ ಆ ಔಷಧಿಯನ್ನು ದನಗಳಿಗೆ ಕೊಡದಂತೆ ನಿಷೇಧಿಸಿದ್ರು. ಉಳಿದವಕ್ಕಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟದಲ್ಲಿ ಧಾಮ ಮಾಡಿದ್ರು. ಹೌದು, ಶೋಲೆ ಬೆಟ್ಟ.

ಉಳಿದದ್ದು ಓದು ಮತ್ತು 49 ದಿನ. ವಾರಕ್ಕೊಮ್ಮೆ ಪೂಜೆ, ದೀಪ, ಮಠಕ್ಕೆ ಕಾಣಿಕೆ. ಇನ್ನೊಂದೂ ಉಳಿದಿದೆ, ‘ಥುಕ್‌ದಮ್’. ಸಾಧನೆ ಮಾಡಿದ ಭಿಕ್ಷುಗಳು ಉಸಿರು ನಿಂತ ಮೇಲೂ ಕೆಲವು ದಿನ ಧ್ಯಾನದಲ್ಲೇ ಇರ್ತಾರೆ, ದೇಹ ಕೆಡೋದಿಲ್ಲ ಅನ್ನೋ ನಂಬಿಕೆ. 2008ರಲ್ಲಿ ಮುಂಡಗೋಡದಲ್ಲಿ ತೀರಿಕೊಂಡ ಹಿಂದಿನ ಗಾಂದೆನ್ ತ್ರಿಪಾ ಲೋಬ್ಸಾಂಗ್ ನ್ಯಿಮಾ ಅವರು 18 ದಿನ ಹಾಗಿದ್ದರು ಅಂತ ಮಠದವರು ಹೇಳ್ತಾರೆ. ಅಮೆರಿಕದ ವಿಸ್ಕಾನ್ಸಿನ್‌ನ ರಿಚರ್ಡ್ ಡೇವಿಡ್‌ಸನ್ ತಂಡ ಇಂಥವರ ತಲೆಗೆ ಇಇಜಿ ಹಚ್ಚಿ ನೋಡಿ 2021ರಲ್ಲಿ ಪೇಪರ್ ಬರೆದ್ರು. ಮಿದುಳಿನಲ್ಲಿ ಅಳೆಯೋಕೆ ಸಿಗುವಂಥ ಚಟುವಟಿಕೆ ಏನೂ ಇರಲಿಲ್ಲ. ದೇಹ ಹೇಗೆ ಕೆಡದೆ ಉಳೀತು ಅನ್ನೋ ಪ್ರಶ್ನೆಗೆ ಅದು ಉತ್ತರ ಅಲ್ಲ. ಕಥೆ ಬರೆಯೋರಿಗೆ ಹದ್ದಿಗಿಂತ ದೊಡ್ಡ ಸರಕು ಇಲ್ಲಿದೆ ಅಂತ ನನ್ನ ಅಂಬೋಣ.

ಕೂತ ಹೆಣ ಅಂದ್ರೆ ಬೆಂಗಳೂರಿನ ಗೆಳೆಯರಿಗೆ ವಿಚಿತ್ರ. ನಾನು ಹಳ್ಳಿಖೇಡದವನು, ಬೀದರ್ ಜಿಲ್ಲೆ, ಹುಮನಾಬಾದ್ ತಾಲ್ಲೂಕು. ಹಳ್ಳಿಖೇಡ (ಬಿ), ಈ ‘ಬಿ’ ಅಂದ್ರೆ ಬುಜುರ್ಗ್, ನಿಜಾಮನ ಕಾಲದ ಭಾಷೆಯಲ್ಲಿ ಹಿರಿದು. ನಮ್ಮ ಕಡೆ ಸಾವಿಗೆ ಹೋಗೋದಕ್ಕೆ ‘ಮಣ್ಣಿಗೆ ಹೋಗೋದು’ ಅಂತಾರೆ. ಲಿಂಗಾಯತರನ್ನು ಸುಡಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕೂರಿಸಿ, ರಾತ್ರಿಯಿಡೀ ಭಜನೆ ಮಾಡಿ, ವಿಮಾನ ಕಟ್ಟಿ ಮೆರವಣಿಗೆಯಲ್ಲಿ ಒಯ್ದು, ಅಂಗೈಯಲ್ಲಿ ಲಿಂಗ ಇಟ್ಟು ಗುಂಡಿಯಲ್ಲಿ ಕೂತ ಹಾಗೇ ಮಣ್ಣು ಕೊಡ್ತಾರೆ. ಸತ್ತ ಅನ್ನಲ್ಲ, ಲಿಂಗೈಕ್ಯ ಅಂತಾರೆ. ಬಸವಕಲ್ಯಾಣದ ಶರಣರು 12ನೇ ಶತಮಾನದಲ್ಲೇ ಸಾವಿನ ಸೂತಕ ಇಲ್ಲ ಅಂದವರು.

ಸೂತಕ ಇಲ್ಲ ಅಂದ್ರು ಸರಿ. ಗುಂಡಿ ತೋಡಿದ್ದು ಯಾರು? ಹಲಗೆ ಬಾರಿಸಿದ್ದು ಯಾರು? ಸಾವಿನ ಸುದ್ದಿ ಹೊತ್ತು ಊರೂರು ನಡೆದದ್ದು ಯಾರು? ಅವರ ಕೇರಿ ಊರ ಹೊರಗೇ ಉಳೀತು.

ಟಿಬೆಟ್ಟಿನಲ್ಲೂ ಅದೇ ಕಥೆ. ಹೆಣ ಕೊಯ್ಯೋದು ಕೆಲವು ಕಡೆ ಭಿಕ್ಷುಗಳೇ ಮಾಡಿದ್ದುಂಟು. ಆದ್ರೆ ಲಾಸಾದಲ್ಲಿ ಅದಕ್ಕೆ ಒಂದು ಜನವೇ ಇತ್ತು, ರಗ್ಯಾಪರು. ಸತ್ತ ದನ ಸಾಗಿಸೋದೂ ಅವರದೇ ಪಾಲು. ಬೇರೆ ವಸತಿ, ದನದ ಕೊಂಬು ಜೋಡಿಸಿ ಕಟ್ಟಿದ ಗೋಡೆಗಳು ಅಂತ ಹಿಂದೆ ಹೋದ ಪ್ರವಾಸಿಗರು ಬರೆದಿದ್ದಾರೆ. ಮಹಾದಾನ ಕೊಟ್ಟದ್ದು ಸತ್ತವನು, ಕತ್ತಿ ಹಿಡಿದವನು ಮಾತ್ರ ಕೀಳು. ನಮ್ಮ ಬೀದರಿನ ಜನಕ್ಕೆ ಬೌದ್ಧ ಅಂದ್ರೆ ಲಾಮಾ ನೆನಪಾಗಲ್ಲ, ಬಾಬಾಸಾಹೇಬರು ನೆನಪಾಗ್ತಾರೆ. ಸತ್ತ ದನ ಎಳೆಯೋದು ಬಿಡಿ ಅಂತ 1927ರ ಮಹಾಡ್ ಕಾಲದಿಂದ ಹೇಳ್ತಾ ಬಂದವರು 1956ರಲ್ಲಿ ನಾಗಪುರದಲ್ಲಿ ಬುದ್ಧನ ಕಡೆ ನಡೆದ್ರು. ಹೆಣದ ಕೆಲಸ ಬಿಟ್ಟು ಬೌದ್ಧರಾದವರು ಇಲ್ಲಿ. ಬೌದ್ಧರಾಗಿಯೂ ಹೆಣದ ಕೆಲಸದಿಂದ ಬಿಡುಗಡೆ ಸಿಗದವರು ಅಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ ಒಂದು ಕಥೆ ನನ್ನ ಕಣ್ಣಿಗೆ ಬಿದ್ದಿಲ್ಲ.

ನಾನು ಓದಿದ ಗಾಳಿ ಸನ್ಯಾಸಿಗಳ ಕಥೆಗಳಲ್ಲಿ ಗುರು ಇದ್ದಾನೆ, ಮಂತ್ರ ಇದೆ, ಹದ್ದು ಇದೆ. ಹೆಣ ತನ್ನಷ್ಟಕ್ಕೇ ತುಂಡಾಗುತ್ತೆ. ಎಲುಬು ಕುಟ್ಟೋ ಸದ್ದು ಇಲ್ಲ. ಕೆಲಸದ ನಡುವೆ ಅವರು ಹರಟೆ ಹೊಡೀತಾ ನಗ್ತಾ ಇರೋದು ನೋಡಿದವರೆಲ್ಲ ಹೇಳಿದ ವಿಷಯ; ಆ ನಗು ಕಥೆಗೆ ಬಂದಿಲ್ಲ. ಟೂರಿಸ್ಟುಗಳು ಕ್ಯಾಮೆರಾ ಹಿಡಿದು ಬೆಟ್ಟ ಹತ್ತಿದಾಗ ಟಿಬೆಟ್ಟಿನಲ್ಲಿ ಫೋಟೋ ತೆಗೀಬಾರದು ಅಂತ ನಿಯಮ ಮಾಡಬೇಕಾಯ್ತು. ಹದ್ದು ಮಾತ್ರ ಕಾಣೋ ಕಥೆಯೂ ದೂರದಿಂದ ತೆಗೆದ ಫೋಟೋನೇ.

ಮಾಡಿದವರಿದ್ದಾರೆ. ಜಾರ್ಜ್ ಸಾಂಡರ್ಸ್ 2017ರಲ್ಲಿ ‘ಲಿಂಕನ್ ಇನ್ ದಿ ಬಾರ್ದೋ’ ಬರೆದು ಬೂಕರ್ ತಗೊಂಡ್ರು. ಅದರಲ್ಲಿ ಹದ್ದೂ ಇಲ್ಲ, ಹಿಮಾಲಯವೂ ಇಲ್ಲ. 1862ರಲ್ಲಿ ಸತ್ತ ಅಬ್ರಹಾಂ ಲಿಂಕನ್ನರ ಮಗ ವಿಲ್ಲಿ, ವಾಷಿಂಗ್ಟನ್ನಿನ ಸ್ಮಶಾನ, ಅಲ್ಲೇ ಸಿಕ್ಕಿಕೊಂಡ ದೆವ್ವಗಳು. ತಂದದ್ದು ಬಾರ್ದೋ ಅನ್ನೋ ಒಂದು ಪದ, ಅದಕ್ಕೆ ತನ್ನ ಊರಿನ ಹೆಣ ಹಾಕಿದ್ರು. ನಮ್ಮಲ್ಲಿ ಅನಂತಮೂರ್ತಿಯವರ 1965ರ ‘ಸಂಸ್ಕಾರ’ದ ಪ್ರಶ್ನೆಯೇ ಹೆಣ ಮುಟ್ಟೋರು ಯಾರು ಅನ್ನೋದು. ಅಗ್ರಹಾರವಿಡೀ ಶಾಸ್ತ್ರ ಹುಡುಕ್ತಾ ಕೂತಾಗ ಚಂದ್ರಿ ರಾತ್ರೋರಾತ್ರಿ ಒಬ್ಬ ಮುಸ್ಲಿಂ ಮೀನು ವ್ಯಾಪಾರಿಯ ಸಹಾಯದಿಂದ ಸುಟ್ಟು ಮುಗಿಸ್ತಾಳೆ.

ಬೀದರ್ ಹತ್ತಿರದ ಅಷ್ಟೂರಿನಲ್ಲಿ ಇನ್ನೂ ಹಳೆಯ ಉದಾಹರಣೆ ಇದೆ. ಬಹಮನಿ ಸುಲ್ತಾನ ಅಹಮದ್ ಶಾಹನ ಗುಂಬಜ್. ಮುಸ್ಲಿಮರಿಗೆ ಅವನು ವಲಿ, ಲಿಂಗಾಯತರಿಗೆ ಅಲ್ಲಮಪ್ರಭು. ಉರುಸಿಗೆ ಮಾಡ್ಯಾಳದಿಂದ ಜಂಗಮರು ಬರ್ತಾರೆ. ಒಂದು ಗೋರಿ, ಎರಡು ಕಥೆ. ಆರು ನೂರು ವರ್ಷದ ಹಿಂದೆ ಸತ್ತವನ ಮೇಲೆ ಜನ ಬರೆದ ಫ್ಯಾನ್ ಫಿಕ್ಷನ್ ಅಂದ್ರೆ ಅಜ್ಜಂದಿರು ಬೈತಾರೇನೋ. ಆದ್ರೆ ಅಲ್ಲಿ ಬರೆದವರು ಪ್ರತಿ ವರ್ಷ ಬಂದು ಕಾಯಿ ಒಡೀತಾರೆ.

ನಾನು ಬರೆಯೋದಾದ್ರೆ ಎಲ್ಲಿಂದ ಶುರು ಮಾಡ್ತಿದ್ದೆ ಅಂದ್ರೆ, 1961ರ ಮಳೆಗಾಲದಿಂದ. ಬೈಲಕುಪ್ಪೆಯ ಕಾಡಿನ ಅಂಚು, ಬಿದಿರಿನ ಗುಡಿಸಲು, ಒಳಗೆ ಒಬ್ಬ ಮುದುಕ ಸತ್ತಿದ್ದಾನೆ. ಗ್ರಂಥ ಓದೋಕೆ ಒಬ್ಬ ಸಿಕ್ಕಿದ್ದಾನೆ. ಬದುಕಿಡೀ ಬೇರೆಯವರ ಹೆಣ ಬೆಟ್ಟಕ್ಕೆ ಹೊತ್ತ ರಗ್ಯಾಪನೊಬ್ಬ ಅದೇ ಗುಂಪಿನಲ್ಲಿ ಬಂದಿದ್ದಾನೆ, ಇಲ್ಲಿ ಎಲ್ಲರ ಕೈಯಲ್ಲೂ ಒಂದೇ ಥರದ ಕೊಡಲಿ ಇರೋದ್ರಿಂದ ಅವನು ಯಾರು ಅಂತ ಇನ್ನೂ ಯಾರಿಗೂ ಹೇಳಿಲ್ಲ. ಕಟ್ಟಿಗೆ ನೆನೆದಿದೆ. ಆಕಾಶದಲ್ಲಿ ಕಾಗೆ ಬಿಟ್ಟರೆ ಏನೂ ಇಲ್ಲ. ಹೆಣವನ್ನು ಮಡಚಿ ಕಟ್ಟೋದು ಹೇಗೆ ಅಂತ ಗುಡಿಸಲಿನೊಳಗಿಂದ ಯಾರೋ ಕೇಳ್ತಾರೆ.