ದಾರಿಬದಿಯ ನೆನಪುಗಲ್ಲು: ಕಲಬುರಗಿ ಸೀಮೆಯ ಸ್ಮಾರಕ, ಧರ್ಮಚಿಹ್ನೆ ಮತ್ತು ಸಾರ್ವಜನಿಕ ಜಾಗ

ಕಲಬುರಗಿಯ ಬ್ರಹ್ಮಪುರದಲ್ಲಿರುವ ಶರಣಬಸವೇಶ್ವರ ದೇವಸ್ಥಾನ ಮೂಲತಃ ಒಂದು ಸಮಾಧಿ. ಅರಳಗುಂಡಗಿಯಲ್ಲಿ ಹುಟ್ಟಿ, ಕಲಬುರಗಿಯಲ್ಲಿ ದಾಸೋಹ ನಡೆಸಿ, 1822ರಲ್ಲಿ ಲಿಂಗೈಕ್ಯರಾದ ಶರಣಬಸವರ ಗದ್ದುಗೆಯ ಮೇಲೆ ಅದು ಎದ್ದಿದೆ. ಅದೇ ಊರಿನ ಖಾಜಾ ಬಂದೇನವಾಜ ದರ್ಗಾ 1422ರಲ್ಲಿ ತೀರಿಕೊಂಡ ಸೂಫಿ ಸಂತ ಗೇಸುದರಾಜರ ಗೋರಿ. ಬೀದರ್ ಕಡೆಯ ದಾರಿ ಹಿಡಿದು ಕಮಲಾಪುರದತ್ತ ಹೋದರೆ ಹೊಳಕುಂದಾದಲ್ಲಿ ಬಹಮನಿ ಕಾಲದ ಗೋರಿಗಳ ಗುಂಪೊಂದು ಸಿಗುತ್ತದೆ. ಈ ಸೀಮೆಯಲ್ಲಿ ಜನ ಕೈಮುಗಿಯುವ ದೊಡ್ಡ ಜಾಗಗಳಲ್ಲಿ ಹಲವು ಸತ್ತವರ ನೆನಪಿನ ಜಾಗಗಳೇ. ಸ್ಮಾರಕ ಬೇರೆ, ಪೂಜಾಸ್ಥಳ ಬೇರೆ ಎಂಬ ಇಂದಿನ ಕಾನೂನಿನ ಎಣಿಕೆ ಇಲ್ಲಿ ಮೊದಲ ಹೆಜ್ಜೆಯಲ್ಲೇ ತಡವರಿಸುತ್ತದೆ.

ಸಾರ್ವಜನಿಕ ಜಾಗದಲ್ಲಿ, ಅದರಲ್ಲೂ ರಸ್ತೆಯಂಚಿನಲ್ಲಿ ನಿಂತ ಸ್ಮಾರಕಗಳ ಮೇಲಿನ ಧರ್ಮಚಿಹ್ನೆ ಏನು ಹೇಳುತ್ತದೆ, ಯಾರ ಪರವಾಗಿ ಹೇಳುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ಹಳೆಯ ಕಲ್ಲುಗಳಲ್ಲಿ ಚಿಹ್ನೆ ಸತ್ತವರ ಗತಿಯನ್ನು ಹೇಳುತ್ತಿತ್ತು, ನೆಲದ ಒಡೆತನವನ್ನಲ್ಲ. ನೆಲದ ಮಾತನ್ನು ಶಾಸನ ಬೇರೆಯಾಗಿ, ಬಿಡಿಸಿ ಬರೆಯುತ್ತಿತ್ತು. ಈಗಿನ ದಾರಿಬದಿಯ ಕಟ್ಟೆಗಳಲ್ಲಿ ಆ ಎರಡನೆಯ ಭಾಗ ಬಿದ್ದುಹೋಗಿದೆ ಎಂಬುದು ನನ್ನ ವಾದ.

ಇಂಥ ಸ್ಮಾರಕಗಳಿಗೆ ಜಿಲ್ಲೆಯ ಹಳೆಯ ಸಾಕ್ಷ್ಯ ಚಿತ್ತಾಪುರ ತಾಲ್ಲೂಕಿನ ಸನ್ನತಿಯದು. ಭೀಮಾ ದಂಡೆಯ ಈ ಊರಿನಲ್ಲಿ ಸಾತವಾಹನ ಕಾಲದ ಸುಣ್ಣಕಲ್ಲಿನ ಸ್ಮಾರಕ ಶಿಲೆಗಳು ದೊಡ್ಡ ಸಂಖ್ಯೆಯಲ್ಲಿ ಸಿಕ್ಕಿವೆ. ಗಂಡ ಹೆಂಡತಿ ಜೊತೆಯಾಗಿ ಕೂತಿರುವುದು, ಎತ್ತಿನ ಗಾಡಿ, ಕುದುರೆ, ಕೆಲವದರ ಮೇಲೆ ಬ್ರಾಹ್ಮಿ ಲಿಪಿಯ ಚಿಕ್ಕ ಬರಹ. ಪಕ್ಕದಲ್ಲೇ ಕನಗನಹಳ್ಳಿಯ ದೊಡ್ಡ ಸ್ತೂಪವಿದ್ದರೂ ಈ ಕಲ್ಲುಗಳಲ್ಲಿ ಎದ್ದು ಕಾಣುವುದು ಸತ್ತವರ ಬಾಳುವೆಯೇ. ಇದೇ ಸನ್ನತಿಯಲ್ಲಿ ಇನ್ನೊಂದು ಸಂಗತಿಯಿದೆ. 1986ರಲ್ಲಿ ಚಂದ್ರಲಾಂಬ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ದೇವಿಯ ಪೀಠವಾಗಿದ್ದ ಚಪ್ಪಡಿಯನ್ನು ಎತ್ತಿ ನೋಡಿದರೆ ಅದರ ಮೇಲೆ ಅಶೋಕನ ಶಾಸನ! ವಿಗ್ರಹ ನಿಲ್ಲಿಸಲು ನಡುವೆ ಚೌಕನೆಯ ತೂತು ಕೊರೆದು, ಅಲ್ಲಿನ ಅಕ್ಷರಗಳು ಹೋಗಿದ್ದವು. ಜನರೆಲ್ಲ ಓದಲೆಂದು ದೊರೆ ನಿಲ್ಲಿಸಿದ ಕಲ್ಲು ಮುಂದೊಂದು ಕಾಲದಲ್ಲಿ ದೇವಿಗೆ ಆಸನವಾಯಿತು. ಕೊರೆದವರನ್ನು ನಾನು ದೂರುವುದಿಲ್ಲ. ಆ ಲಿಪಿ ಅಷ್ಟರಲ್ಲಿ ಬಹುಶಃ ಯಾರಿಗೂ ಓದಲು ಬರುತ್ತಿರಲಿಲ್ಲ. ಆದರೆ ಕಲ್ಲಿನ ಮೂಲ ಉದ್ದೇಶ ಮರೆತಾಗ ಭಕ್ತಿ ಅದನ್ನು ಉಳಿಸುತ್ತದೆ, ಉಳಿಸುತ್ತಲೇ ಅಳಿಸುತ್ತದೆ ಎನ್ನುವುದಕ್ಕೆ ಇದು ನೇರವಾದ ಪುರಾವೆ.

ಮುಂದಿನ ಶತಮಾನಗಳಲ್ಲಿ ವೀರಗಲ್ಲು ಬಂತು. ಅದರ ವಿನ್ಯಾಸ ಓದುಗರಿಗೆ ಗೊತ್ತಿರುವುದೇ: ಕೆಳಪಟ್ಟಿಕೆಯಲ್ಲಿ ಕಾಳಗ ಅಥವಾ ತುರುಗಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗ, ನಂದಿ, ಪೂಜಾರಿ, ಅದಕ್ಕೂ ಮೇಲೆ ಸೂರ್ಯ ಚಂದ್ರ. ಜೈನ ವೀರನಾದರೆ ಲಿಂಗದ ಜಾಗದಲ್ಲಿ ಜಿನಬಿಂಬ. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ, ಮೇಲೆತ್ತಿದ ತೋಳು. ಇವು ಊರಬಾಗಿಲು, ಕೆರೆ ಏರಿ, ದಾರಿಯ ಕವಲುಗಳಲ್ಲಿ, ಅಂದರೆ ಎಲ್ಲರೂ ಓಡಾಡುವ ಜಾಗದಲ್ಲಿ ನಿಲ್ಲುತ್ತಿದ್ದವು. ಚಿಹ್ನೆ ಮೇಲಿನ ಪಟ್ಟಿಕೆಯಲ್ಲಿರುವುದನ್ನು ಗಮನಿಸಬೇಕು. ಈ ಮನುಷ್ಯ ಶಿವಲೋಕಕ್ಕೆ ಹೋದ ಎಂದು ಅದು ಹೇಳುತ್ತದೆ. ಈ ದಾರಿ ಶೈವರದು ಎಂದು ಹೇಳುವುದಿಲ್ಲ.

ವೀರಗಲ್ಲಿಗೆ ಎಣ್ಣೆ ಕುಂಕುಮ ಹಚ್ಚುವುದು ನಂತರದ ಅಜ್ಞಾನ, ಮೊದಲು ಅದು ಬರೀ ಸ್ಮಾರಕವಾಗಿತ್ತು ಎಂಬ ಮಾತು ವಿದ್ವಾಂಸರಲ್ಲೂ ಆಗಾಗ ಕೇಳಿಬರುತ್ತದೆ. ಆತಕೂರು ಶಾಸನ ಇದನ್ನು ಒಪ್ಪುವುದಿಲ್ಲ. ಸುಮಾರು 949-50ರ ಈ ಕಲ್ಲು ಸಿಕ್ಕಿದ್ದು ಮಂಡ್ಯ ಜಿಲ್ಲೆಯಲ್ಲಾದರೂ ಅದರ ಹಿನ್ನೆಲೆಯಲ್ಲಿರುವ ದೊರೆ ರಾಷ್ಟ್ರಕೂಟ ಮೂರನೆಯ ಕೃಷ್ಣ. ಅವನ ರಾಜಧಾನಿ ಮಾನ್ಯಖೇಟ ಇಂದು ಕಲಬುರಗಿ ಜಿಲ್ಲೆಯ ಮಳಖೇಡ. ಕೃಷ್ಣ ಚೋಳರೊಡನೆ ನಡೆಸಿದ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲರತನಿಗೆ ಅವನ ಒಡೆಯ, ಗಂಗ ದೊರೆ ಬೂತುಗ, ಕಾಳಿ ಎಂಬ ಬೇಟೆನಾಯಿಯನ್ನು ಕೊಟ್ಟ. ಆ ನಾಯಿ ಹಂದಿಯೊಡನೆ ಸೆಣಸಿ, ಎರಡೂ ಸತ್ತವು. ಅದರ ನೆನಪಿಗೆ ಚೆಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಶಾಸನ ಹೇಳುತ್ತದೆ: ಆ ಸ್ಥಳವನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುತ್ತದೆ. ನಾಯಿಯ ಸ್ಮಾರಕಕ್ಕೂ ಪೂಜೆ ಕಡ್ಡಾಯ! ಜೊತೆಗೆ ಎಲ್ಲಿ ನಿಲ್ಲಿಸಬೇಕು, ಯಾವ ಭೂಮಿಯ ಹುಟ್ಟುವಳಿಯಿಂದ ನಡೆಯಬೇಕು, ಹೊಣೆ ಯಾರದು ಎಂಬ ಮೂರೂ ಅಲ್ಲಿ ಬರಹದಲ್ಲಿವೆ. ಸ್ಮರಣೆ ಮತ್ತು ಪೂಜೆ ನಮ್ಮಲ್ಲಿ ಮೊದಲಿನಿಂದ ಒಂದೇ ಹೊಲದ ಬೆಳೆ. ಆದರೆ ಆ ಹೊಲಕ್ಕೆ ಬದುವಿತ್ತು.

ಈಗಿನ ಕಾನೂನು ಈ ಬದುವನ್ನು ಬೇರೆ ರೀತಿಯಲ್ಲಿ ಹಾಕಲು ನೋಡುತ್ತಿದೆ. ಗುಜರಾತಿನಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು, ಬೀದಿ, ಉದ್ಯಾನ ಮುಂತಾದ ಸಾರ್ವಜನಿಕ ಜಾಗಗಳಲ್ಲಿ ಗುಡಿ, ಚರ್ಚ್, ಮಸೀದಿ, ಗುರುದ್ವಾರಗಳ ಹೆಸರಿನಲ್ಲಿ ಹೊಸ ಅನಧಿಕೃತ ಕಟ್ಟಡ ಕೂಡದು, ಇರುವುದನ್ನು ಒಂದೊಂದಾಗಿ ಪರಿಶೀಲಿಸಿ ಎಂದಿತು. 2013ರ ಜನವರಿ 18ರ ಆದೇಶ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆಗಳನ್ನೂ ತಡೆಯಿತು. ಅದಕ್ಕೆ ಕಾರಣವಾದದ್ದು ಕೇರಳದ ರಾಜಕಾರಣಿಯೊಬ್ಬರ ಪ್ರತಿಮೆ. 2021ರಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ದೇವಸ್ಥಾನ ಕೆಡವಿದ ಮೇಲೆ ಎದ್ದ ಸಿಟ್ಟಿನಲ್ಲಿ ಕರ್ನಾಟಕ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಕಾಯ್ದೆ ಬಂತು. ಆವರೆಗಿನ ಕಟ್ಟಡಗಳಿಗೆ ರಕ್ಷಣೆ, ಮುಂದೆ ಹೊಸದಕ್ಕೆ ತಡೆ. ಅದರ ವ್ಯಾಖ್ಯೆಯಲ್ಲಿ ಗುಡಿ, ಮಸೀದಿಗಳ ಸಾಲಿನಲ್ಲಿ ಮಜಾರ್ ಕೂಡ ಇದೆ. ಅಂದರೆ ಗೋರಿಯೊಂದು ಧಾರ್ಮಿಕ ಕಟ್ಟಡವೆಂದು ಕಾಯ್ದೆಯೇ ಒಪ್ಪಿದೆ. ಗದ್ದುಗೆ, ವೀರಗಲ್ಲು, ಮಾಸ್ತಿಕಲ್ಲು ಮಾತ್ರ ಹೆಸರಿಲ್ಲದೆ ‘ಇತ್ಯಾದಿ’ಯೊಳಗೆ ಸೇರಬೇಕು.

ರಸ್ತೆಬದಿಯ ಚಿಹ್ನೆಯ ಪ್ರಶ್ನೆ ಬೇರೆ ದೇಶದಲ್ಲೂ ಎದ್ದಿದೆ. ಅಮೆರಿಕದ ಯೂಟಾದಲ್ಲಿ ಕರ್ತವ್ಯದಲ್ಲಿ ಮಡಿದ ಹೆದ್ದಾರಿ ಪೊಲೀಸರಿಗೆ ರಸ್ತೆಬದಿ ನಿಲ್ಲಿಸಿದ 12 ಅಡಿಯ ಶಿಲುಬೆಗಳು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಹೇಳಿತು. 2019ರಲ್ಲಿ ಮೇರಿಲ್ಯಾಂಡಿನ ಯುದ್ಧಸ್ಮಾರಕ ಶಿಲುಬೆಯನ್ನು, ಅದರ ಹಳಮೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಅಲ್ಲಿನ ಸುಪ್ರೀಂ ಕೋರ್ಟ್ ಉಳಿಸಿತು. ಅಲ್ಲಿನ ಚಿಂತೆ ಸರ್ಕಾರ ಒಂದು ಧರ್ಮದ ಮಾತಾಡುತ್ತಿದೆಯೇ ಎಂಬುದು. ನಮ್ಮ ರಸ್ತೆಬದಿಯಲ್ಲಿ ಕೇಳಬೇಕಾದದ್ದು ಬೇರೆ: ನಡೆಯುವವರಿಗೆ ದಾರಿ ಉಳಿಯಿತೇ, ಸತ್ತವರ ಹೆಸರು ಉಳಿಯಿತೇ?

ಎರಡನೆಯದನ್ನು ಯಾರೂ ಕೇಳುತ್ತಿಲ್ಲ. ಅಪಘಾತವಾದ ತಿರುವಿನಲ್ಲಿ ಮೊದಲು ಒಂದು ಫೋಟೊ, ಹಾರ. ಆಮೇಲೆ ಫರಸಿ ಹಾಸಿದ ಕಟ್ಟೆ. ಅದರ ಮೇಲೆ ತ್ರಿಶೂಲವೋ ಹಸಿರು ಚಾದರವೋ ಶಿಲುಬೆಯೋ. ಚಿಹ್ನೆ ಬೆಳೆದಂತೆ ಫೋಟೊ ಮಾಸುತ್ತದೆ, ಸತ್ತವನ ಹೆಸರು ಹೋಗುತ್ತದೆ. ಮನೆಯವರ ದುಃಖಕ್ಕೆ ಗುರುತಾಗಿದ್ದದ್ದು ಓಣಿಯವರ ಹಕ್ಕಿನ ಗುರುತಾಗುತ್ತದೆ. ಇತ್ತ ರಸ್ತೆ ಅಗಲಿಸುವ ಯಂತ್ರದ ಮುಂದೆ ಚಿಹ್ನೆಯಿದ್ದ ಹೊಸ ಕಟ್ಟೆ ಉಳಿಯುತ್ತದೆ. ಪೂಜೆ ನಿಂತ, ಮುಖ ಸವೆದ ಸಾವಿರ ವರ್ಷದ ವೀರಗಲ್ಲಿನ ಪರ ಮಾತಾಡಲು ಯಾರೂ ಇರುವುದಿಲ್ಲ.

ಆದ್ದರಿಂದ ಕಲಬುರಗಿ ಮಹಾನಗರ ಪಾಲಿಕೆ, ಕಮಲಾಪುರದಂಥ ತಾಲ್ಲೂಕು ಆಡಳಿತಗಳು ಮತ್ತು ಪುರಾತತ್ವ ಇಲಾಖೆ ಸೇರಿ, ರಸ್ತೆಬದಿಯ ಸ್ಮಾರಕಗಳಿಗೆಂದೇ ಪ್ರತ್ಯೇಕ ದಾಖಲೆಪುಸ್ತಕ ತೆರೆಯಬೇಕು. ಯಾರ ನೆನಪಿಗೆ, ಯಾವ ಕಾಲದ್ದು, ಚಿಹ್ನೆ ಯಾವುದು, ನೋಡಿಕೊಳ್ಳುವವರು ಯಾರು, ಎಷ್ಟು ಜಾಗ ಎಂಬುದನ್ನು ಕಲ್ಲು ಕದಲಿಸುವ ಮೊದಲೇ ಬರೆದುಕೊಳ್ಳಬೇಕು. ಹೊಸ ಸ್ಮಾರಕಕ್ಕೆ ಸತ್ತವರ ಹೆಸರು ಮತ್ತು ಅಳತೆಯ ಮಿತಿ ಕಡ್ಡಾಯವಾಗಲಿ. ಮನೆಯವರು ಬಯಸುವ ಚಿಹ್ನೆಗೆ ಆ ಮಿತಿಯೊಳಗೆ ಅಡ್ಡಿ ಬೇಡ. ಊರೂರಿನ ಇತಿಹಾಸ ಬಲ್ಲ ಮೇಷ್ಟ್ರುಗಳು, ಸಂಶೋಧನಾ ವಿದ್ಯಾರ್ಥಿಗಳು ಈ ಕೆಲಸವನ್ನು ತಮ್ಮ ಊರಬಾಗಿಲಿನ ಕಲ್ಲಿನಿಂದಲೇ ಇಂದೇ ಶುರುಮಾಡಬಹುದು.